ನಿಮ್ಮ ಕೋಡ್ ಓದುವವರು ಯಾರು ಎಂದು ಮೊದಲು ಕೇಳಿ

ಈ ಅಂಕಣಕ್ಕೆ ಇತ್ತೀಚೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಬೇರೆ ವಿಷಯದಲ್ಲಿ ಪದವಿ ಪಡೆದವರು ಆನ್‌ಲೈನ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಸ್ನಾತಕೋತ್ತರ ಪದವಿ ಮಾಡಿಕೊಂಡು ಆ ಕ್ಷೇತ್ರಕ್ಕೆ ದಾಟಬಹುದೇ, ದಾಟುವುದಾದರೆ ಯಾವ ಕೋರ್ಸು ಆರಿಸಬೇಕು ಎಂಬುದು ಎಲ್ಲರ ಪ್ರಶ್ನೆ. ಬ್ರಿಟನ್ನಿನಲ್ಲಿ ಇಂಥ ಪದವಿಗೆ ‘ಕನ್ವರ್ಷನ್ ಮಾಸ್ಟರ್ಸ್’ ಎಂಬ ಹೆಸರು ರೂಢಿಯಲ್ಲಿದೆ. ಒಂದು ಪತ್ರವನ್ನು ಹೆಚ್ಚು ಕಡಿಮೆ ಪೂರ್ತಿಯಾಗಿ, ಉಳಿದವನ್ನು ಸಂಕ್ಷೇಪಿಸಿ ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಇತಿಹಾಸದ ಪದವೀಧರೆ, ವಯಸ್ಸು 32. ಒಂಬತ್ತು ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದೇನೆ, ಇಲ್ಲಿ ಕಾಯಂ ವಾಸದ ಅನುಮತಿಯೂ ಸಿಕ್ಕಿದೆ. ಆಸ್ಪತ್ರೆಯೊಂದರ ಹೊರರೋಗಿ ವಿಭಾಗದಲ್ಲಿ ಅಪಾಯಿಂಟ್‌ಮೆಂಟ್‌ಗಳನ್ನು ನೋಡಿಕೊಳ್ಳುವ ಕೆಲಸ. ಎಕ್ಸೆಲ್ ಚೆನ್ನಾಗಿ ಬರುತ್ತದೆ, ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆಯಾದ ಎಸ್‌ಕ್ಯುಎಲ್ ಸ್ವಲ್ಪ ಸ್ವಲ್ಪ ಕಲಿತಿದ್ದೇನೆ. ಸಾಫ್ಟ್‌ವೇರ್ ಕೆಲಸಕ್ಕೆ ಹೋಗಬೇಕೆಂಬ ಆಸೆ. ಎರಡು ಕೋರ್ಸುಗಳ ನಡುವೆ ತೂಗಾಡುತ್ತಿದ್ದೇನೆ. ಒಂದು ಬ್ರಿಟಿಷ್ ವಿಶ್ವವಿದ್ಯಾಲಯದ ಆನ್‌ಲೈನ್ ಎಂಎಸ್‌ಸಿ: ಎರಡು ವರ್ಷ, ಶುಲ್ಕ ಸುಮಾರು 11,000 ಪೌಂಡ್, ವರ್ಷದಲ್ಲಿ ಆರು ಬಾರಿ ಪ್ರವೇಶ. ಇನ್ನೊಂದು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎಂಸಿಐಟಿ (ಕಂಪ್ಯೂಟರ್ ಮತ್ತು ಮಾಹಿತಿ ತಂತ್ರಜ್ಞಾನದ ಸ್ನಾತಕೋತ್ತರ ಪದವಿ): ಶುಲ್ಕ 30,000 ಡಾಲರ್ ದಾಟುತ್ತದೆ, ಆದರೆ ಹೆಸರು ದೊಡ್ಡದು. ಕೆಲಸ ಸಿಗುವ ದೃಷ್ಟಿಯಿಂದ ಯಾವುದು ಮೇಲು? ಓದಲೆಂದು ಈಗಿನ ಕೆಲಸ ಬಿಡಬೇಕಾಗುತ್ತದೆಯೇ?

ಉತ್ತರ: ಕೆಲಸ ಬಿಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನೀವು ಕೊರತೆಯೆಂಬಂತೆ ಬರೆದುಕೊಂಡಿರುವ ಅಪಾಯಿಂಟ್‌ಮೆಂಟ್ ಕೆಲಸವೇ ನಿಮ್ಮ ಕೈಯಲ್ಲಿರುವ ಅತಿ ಬೆಲೆಯುಳ್ಳ ವಸ್ತು ಎಂದು ನನಗೆ ಅನ್ನಿಸುತ್ತದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಹೆಸರಿನ ವಿಚಾರ. ವಿಶ್ವವಿದ್ಯಾಲಯದ ಹೆಸರು ರೆಸ್ಯೂಮೆಯನ್ನು ಮೊದಲ ಜರಡಿಯಿಂದ ಪಾರುಮಾಡುತ್ತದೆ. ಅದಾದ ಮೇಲೆ ಆನ್‌ಲೈನ್ ಕೋಡಿಂಗ್ ಪರೀಕ್ಷೆ, ಎದುರಿಗೆ ಕೂತು ಸಮಸ್ಯೆ ಬಿಡಿಸುವ ಸುತ್ತು, ಹಳೆಯ ಕೆಲಸದ ಬಗ್ಗೆ ಪ್ರಶ್ನೆಗಳು ಬರುತ್ತವೆ. ಅಲ್ಲಿ ಪದವಿ ಪತ್ರ ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ. ನಾನು ಕೂತ ಸಂದರ್ಶನ ಮಂಡಳಿಗಳಲ್ಲಿ, ಅಭ್ಯರ್ಥಿ ಬರೆದ ಮೊದಲ ಹತ್ತು ಸಾಲು ಕೋಡ್ ಕಂಡ ನಂತರ ಅವರು ಎಲ್ಲಿ ಓದಿದರೆಂದು ಯಾರೂ ಮತ್ತೆ ಕೇಳಿದ್ದು ನೆನಪಿಲ್ಲ. ಆದ್ದರಿಂದ ಎರಡು ಕೋರ್ಸುಗಳನ್ನು ಹೋಲಿಸುವಾಗ ಹೆಸರಿಗಿಂತ ಮುಖ್ಯವಾಗಿ ನೋಡಬೇಕಾದದ್ದು ಎರಡು: ಪಾಠಗಳು ಯಾವ ಕ್ರಮದಲ್ಲಿ ಬರುತ್ತವೆ, ನೀವು ಬರೆದ ಕೋಡನ್ನು ಯಾರು ಓದಿ ತಿದ್ದುತ್ತಾರೆ.

ಕ್ರಮದ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ವರ್ಷಕ್ಕೆ ಆರು ಬಾರಿ ಪ್ರವೇಶ ಎಂಬುದು ಅನುಕೂಲದಂತೆ ಕಾಣುತ್ತದೆ, ಆದರೆ ಅದರ ಹಿಂದಿನ ಏರ್ಪಾಡನ್ನು ಗಮನಿಸಿ. ಇಂಥ ಹಲವು ಕೋರ್ಸುಗಳಲ್ಲಿ ಎಂಟು ವಾರಗಳ ಮಾಡ್ಯೂಲ್‌ಗಳು ಒಂದರ ಹಿಂದೊಂದು ಚಕ್ರದಂತೆ ಸುತ್ತುತ್ತಿರುತ್ತವೆ, ನೀವು ಯಾವ ತಿಂಗಳು ಸೇರಿದಿರೋ ಆಗ ಎದುರಿಗಿದ್ದ ಮಾಡ್ಯೂಲ್‌ಗೆ ಹತ್ತಿಕೊಳ್ಳುತ್ತೀರಿ. ನನ್ನ ಪರಿಚಯದ ಗ್ರಂಥಪಾಲಕಿಯೊಬ್ಬರು ಹೀಗೆ ಸೇರಿದಾಗ ಅವರ ಪಾಲಿಗೆ ಮೊದಲು ಬಂದದ್ದು ಅಲ್ಗಾರಿದಂ, ಅಂದರೆ ಸಮಸ್ಯೆಯನ್ನು ಹಂತ ಹಂತವಾಗಿ ಬಿಡಿಸುವ ವಿಧಾನಗಳ ಪಾಠ. ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಎಂದರೇನು ಎಂದು ತಿಳಿಯುವ ಮೊದಲೇ ಒಂದರೊಳಗೊಂದು ಇರುವ ಎರಡು ಲೂಪ್‌ಗಳಿಗೆ ಎಷ್ಟು ಸಮಯ ಹಿಡಿಯುತ್ತದೆ ಎಂದು ಲೆಕ್ಕ ಹಾಕಬೇಕಾಯಿತು. ಅವರು ಸೂತ್ರಗಳನ್ನು ಉರುಹೊಡೆದು ಪಾಸಾದರು. ಆರು ತಿಂಗಳ ನಂತರ ಪ್ರೋಗ್ರಾಮಿಂಗ್ ಮಾಡ್ಯೂಲ್ ಬರುವಷ್ಟರಲ್ಲಿ ಆ ಸೂತ್ರಗಳು ಮರೆತಿದ್ದವು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಯಾವ ಮಾಡ್ಯೂಲಿನಿಂದ ಬೇಕಾದರೂ ಆರಂಭಿಸಬಹುದಾದ ಕೋರ್ಸಿನಲ್ಲಿ ಯಾವ ಮಾಡ್ಯೂಲೂ ಹಿಂದಿನದರ ಮೇಲೆ ಪೂರ್ತಿ ಭಾರ ಹಾಕಲಾರದು, ಹಾಗಾಗಿ ಪ್ರತಿಯೊಂದೂ ಮೇಲ್ಮಟ್ಟದಲ್ಲೇ ನಿಂತುಬಿಡುವ ಅಪಾಯವಿದೆ. ಎಲ್ಲ ಕಡೆಯೂ ಹೀಗೆ ಎಂದು ನಾನು ಹೇಳುತ್ತಿಲ್ಲ; ಕೆಲವು ವಿಶ್ವವಿದ್ಯಾಲಯಗಳು ಪ್ರೋಗ್ರಾಮಿಂಗ್ ಮಾಡ್ಯೂಲನ್ನು ಎಲ್ಲರಿಗೂ ಮೊದಲಿಗೇ ಕಡ್ಡಾಯ ಮಾಡುತ್ತವೆ. ನಿಮ್ಮ ವಿಶ್ವವಿದ್ಯಾಲಯಕ್ಕೆ ಬರೆದು, ನೀವು ಸೇರಬೇಕೆಂದಿರುವ ತಿಂಗಳಿನಿಂದ ಆರಂಭಿಸಿದರೆ ಎರಡು ವರ್ಷದ ಮಾಡ್ಯೂಲ್‌ಗಳು ಯಾವ ಸರದಿಯಲ್ಲಿ ಬರುತ್ತವೆ ಎಂಬ ಪಟ್ಟಿಯನ್ನೇ ತರಿಸಿಕೊಳ್ಳಿ.

ಈ ವಿಚಾರದಲ್ಲಿ ಎಂಸಿಐಟಿ ಅಚ್ಚುಕಟ್ಟಾಗಿದೆ ಎಂದು ಒಪ್ಪಲೇಬೇಕು. ಕಂಪ್ಯೂಟರ್ ಸೈನ್ಸ್ ಓದದವರಿಗಾಗಿಯೇ ರೂಪಿಸಿದ, 2019ರಿಂದ ಆನ್‌ಲೈನ್‌ನಲ್ಲೂ ನಡೆಯುತ್ತಿರುವ ಆ ಪದವಿಯಲ್ಲಿ ಹತ್ತು ಕೋರ್ಸುಗಳಿವೆ, ಅವುಗಳಲ್ಲಿ ಆರು ಕಡ್ಡಾಯ. ಸಾಫ್ಟ್‌ವೇರ್ ಬರೆಯುವುದರ ಪರಿಚಯ ಮತ್ತು ಅದಕ್ಕೆ ಬೇಕಾದ ಗಣಿತದಿಂದ ಆರಂಭಿಸಿ, ಟ್ರಾನ್ಸಿಸ್ಟರ್ ಮಟ್ಟದಿಂದ ಮೇಲೇರಿ ಸಿ ಭಾಷೆಯವರೆಗೆ ಬರುವ ಕಂಪ್ಯೂಟರ್ ಸಿಸ್ಟಂ ಪಾಠ, ಆಮೇಲೆ ಡೇಟಾ ಸ್ಟ್ರಕ್ಚರ್, ಸಿಸ್ಟಂ ಪ್ರೋಗ್ರಾಮಿಂಗ್, ಅಲ್ಗಾರಿದಂ ಎಂದು ಮೆಟ್ಟಿಲುಗಳನ್ನು ಕಟ್ಟಿದ್ದಾರೆ. ನೀವು ಆರಿಸುವ ಕೋರ್ಸು ಯಾವುದೇ ಆಗಿರಲಿ, ಅದರ ಪಠ್ಯಕ್ರಮವನ್ನು ಈ ಆರರ ಪಕ್ಕದಲ್ಲಿಟ್ಟು ನೋಡಿ. ಆಪರೇಟಿಂಗ್ ಸಿಸ್ಟಂ ಮತ್ತು ಕಂಪ್ಯೂಟರ್ ರಚನೆಯ ಜಾಗದಲ್ಲಿ ‘ಡಿಜಿಟಲ್ ನಾಯಕತ್ವ’, ‘ತಂತ್ರಜ್ಞಾನ ನಿರ್ವಹಣೆ’ ಎಂಬ ಶೀರ್ಷಿಕೆಗಳು ತುಂಬಿಕೊಂಡಿದ್ದರೆ, ಅದು ಪದವಿಯ ಹೆಸರಲ್ಲಿ ಮಾತ್ರ ಕಂಪ್ಯೂಟರ್ ಸೈನ್ಸ್.

ಇನ್ನು ಕೋಡ್ ಓದುವವರ ಪ್ರಶ್ನೆ. ಆನ್‌ಲೈನ್ ಕೋರ್ಸುಗಳಲ್ಲಿ ಅಸೈನ್‌ಮೆಂಟುಗಳನ್ನು ಯಂತ್ರವೇ ಪರೀಕ್ಷಿಸುವುದು ಸಾಮಾನ್ಯ: ಹನ್ನೆರಡು ಪರೀಕ್ಷೆಗಳಿವೆ, ಹನ್ನೆರಡೂ ಹಸಿರಾದರೆ ಪೂರ್ಣ ಅಂಕ. ಒಂದು ಉದಾಹರಣೆ ನೋಡಿ. ನಾಳೆ ಬರಬೇಕಾದ 400 ರೋಗಿಗಳ ಪಟ್ಟಿಯಿದೆ, ಪ್ರತಿಯೊಬ್ಬರ ಫೋನ್ ನಂಬರನ್ನು ಡೇಟಾಬೇಸಿನಿಂದ ತರಬೇಕು. ಹೊಸದಾಗಿ ಕಲಿತವರು ಲೂಪ್ ಬರೆದು, ಅದರೊಳಗೆ ಒಬ್ಬೊಬ್ಬರಿಗೂ ಒಂದೊಂದು ಕ್ವೆರಿ (ಮಾಹಿತಿ ಕೇಳುವ ಆದೇಶ) ಕಳುಹಿಸುತ್ತಾರೆ. ಉತ್ತರ ಸರಿಯಾಗಿಯೇ ಬರುತ್ತದೆ, ಪರೀಕ್ಷೆಯಲ್ಲಿ ಐದೇ ರೋಗಿಗಳಿದ್ದರಿಂದ ವೇಗವಾಗಿಯೂ ಬರುತ್ತದೆ, ಯಂತ್ರ ಪೂರ್ಣ ಅಂಕ ಕೊಡುತ್ತದೆ. ಓದಿ ತಿದ್ದುವ ಅಧ್ಯಾಪಕರಿದ್ದರೆ ಆ ಸಾಲಿನ ಪಕ್ಕದಲ್ಲಿ, “400 ಸಲ ಡೇಟಾಬೇಸಿನ ಬಾಗಿಲು ತಟ್ಟುವ ಬದಲು ಒಂದೇ ಕ್ವೆರಿಯಲ್ಲಿ ಎಲ್ಲವನ್ನೂ ತರಬಹುದಲ್ಲವೇ?” ಎಂದು ಬರೆಯುತ್ತಾರೆ. ಆ ಒಂದು ಸಾಲಿನ ಟಿಪ್ಪಣಿಗೆ ನೀವು ಶುಲ್ಕ ಕಟ್ಟುತ್ತಿದ್ದೀರಿ. ಉಪನ್ಯಾಸದ ವಿಡಿಯೊಗಳು ಉಚಿತವಾಗಿ ಬೇಕಾದಷ್ಟು ಸಿಗುತ್ತವೆ. ಆದ್ದರಿಂದ ಒಬ್ಬ ಬೋಧಕರಿಗೆ ಎಷ್ಟು ವಿದ್ಯಾರ್ಥಿಗಳು, ಅಸೈನ್‌ಮೆಂಟಿಗೆ ಬರಹದ ಟಿಪ್ಪಣಿ ಬರುತ್ತದೆಯೇ, ಬಂದರೆ ಮುಂದಿನ ಅಸೈನ್‌ಮೆಂಟ್ ಸಲ್ಲಿಸುವ ಮೊದಲೇ ಬರುತ್ತದೆಯೇ ಎಂದು ಕೇಳಿ. ಈಗ ಓದುತ್ತಿರುವ ವಿದ್ಯಾರ್ಥಿಯೊಬ್ಬರೊಡನೆ ಮಾತಾಡಲು ಸಾಧ್ಯವಾದರೆ, ಅವರಿಗೆ ಬಂದ ಟಿಪ್ಪಣಿಯೊಂದನ್ನು ತೋರಿಸುವಂತೆ ವಿನಂತಿಸಿ. ನಾಲ್ಕು ಪ್ಯಾರಾದ ಹೊಗಳಿಕೆಗಿಂತ ಅದು ಹೆಚ್ಚು ಹೇಳುತ್ತದೆ.

ಸಮಯದ ಲೆಕ್ಕ ಸರಳ. ಬ್ರಿಟನ್ನಿನ ಸ್ನಾತಕೋತ್ತರ ಪದವಿಗೆ 180 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 10 ಗಂಟೆಯ ಓದು ಎಂಬ ಅಂದಾಜು, ಅಂದರೆ 1,800 ಗಂಟೆ. ಎರಡು ವರ್ಷಕ್ಕೆ ಹಂಚಿದರೆ ಒಂದು ವಾರವನ್ನೂ ಬಿಡದೆ ವಾರಕ್ಕೆ 17 ಗಂಟೆ. ಪೂರ್ಣಾವಧಿ ಕೆಲಸದ ಜೊತೆಗೆ ಇದು ಸಾಧ್ಯ, ಸುಲಭವಲ್ಲ. ಎರಡೂವರೆ ಅಥವಾ ಮೂರು ವರ್ಷಕ್ಕೆ ವಿಸ್ತರಿಸಲು ಅವಕಾಶವಿದೆಯೇ ಎಂದು ಮೊದಲೇ ತಿಳಿದುಕೊಳ್ಳಿ.

ಹಣದ ಪ್ರಶ್ನೆಯೇ ನಿಮ್ಮ ಎರಡು ಆಯ್ಕೆಗಳ ನಡುವೆ ತೀರ್ಮಾನ ಮಾಡಿಬಿಡಬಹುದು. ಇಂಗ್ಲೆಂಡಿನಲ್ಲಿ ವಾಸಿಸುವ ಅರ್ಹರಿಗೆ ಸ್ನಾತಕೋತ್ತರ ಓದಿಗಾಗಿ ಸರ್ಕಾರಿ ಸಾಲ ದೊರೆಯುತ್ತದೆ. ದೂರಶಿಕ್ಷಣದ ಕೋರ್ಸಿಗೂ ಅದು ಅನ್ವಯಿಸುತ್ತದೆ, ಮೊತ್ತ 12,000 ಪೌಂಡಿಗಿಂತ ಹೆಚ್ಚು. ವರ್ಷದ ಆದಾಯ 21,000 ಪೌಂಡ್ ಮೀರಿದ ಭಾಗದ ಮೇಲೆ ಶೇ 6ರಂತೆ ಮರುಪಾವತಿ. ಕೋರ್ಸು ಬ್ರಿಟನ್ನಿನ ವಿಶ್ವವಿದ್ಯಾಲಯದ್ದೇ ಆಗಿರಬೇಕು, ಆದ್ದರಿಂದ ಎಂಸಿಐಟಿಗೆ ಅದು ಸಿಗದು. ಹಿಂದೆ ಸ್ನಾತಕೋತ್ತರ ಪದವಿ ಪಡೆದವರಿಗೂ ಸಿಗುವುದಿಲ್ಲ. ನೀವು ಪಡೆದಿಲ್ಲವೆಂದು ಭಾವಿಸಿದ್ದೇನೆ. ಹಾಗೆಂದೇ ಈ ಅವಕಾಶವನ್ನು ಒಮ್ಮೆ ಬಳಸಿ ಪದವಿ ಮುಗಿಸಿದರೆ ಎರಡನೆಯ ಬಾರಿ ಕೈಗೆ ಬರುವುದಿಲ್ಲ ಎಂಬುದು ಮನಸ್ಸಿನಲ್ಲಿರಲಿ.

ಕಡಿಮೆ ಶುಲ್ಕವೆಂದು ಹಲವರು ಅಮೆರಿಕದ ವಿಶ್ವವಿದ್ಯಾಲಯವಾದ ಜಾರ್ಜಿಯಾ ಟೆಕ್‌ನ ಆನ್‌ಲೈನ್ ಎಂಎಸ್ ಕಡೆಗೂ ಬೆರಳು ತೋರಿಸುತ್ತಾರೆ. 2014ರಲ್ಲಿ ಆರಂಭವಾದ ಆ ಕೋರ್ಸಿನ ಒಟ್ಟು ಶುಲ್ಕ 7,000 ಡಾಲರಿನ ಆಸುಪಾಸಿನಲ್ಲಿತ್ತೆಂಬುದೇ ಆಗ ದೊಡ್ಡ ಸುದ್ದಿ. ಆದರೆ ಅದು ಕನ್ವರ್ಷನ್ ಕೋರ್ಸಲ್ಲ. ಕಂಪ್ಯೂಟರ್ ಸೈನ್ಸಿನ ತಳಹದಿ ನಿಮಗೆ ಗೊತ್ತಿದೆ ಎಂದುಕೊಂಡೇ ಅಲ್ಲಿ ಪಾಠ ಶುರುವಾಗುತ್ತದೆ. ಸದ್ಯಕ್ಕೆ ಅದು ನಿಮಗಲ್ಲ.

ಈಗ ನಿಮ್ಮ ಹೊರರೋಗಿ ವಿಭಾಗದ ಮಾತು. ಕಂಪ್ಯೂಟರ್ ಸೈನ್ಸ್ ಪದವೀಧರರಲ್ಲಿ ನಿರುದ್ಯೋಗ ಏಕೆ ಹೆಚ್ಚಿದೆ ಎಂಬುದನ್ನು ಪರಿಶೀಲಿಸಿ ಕಂಪ್ಯೂಟರ್ ವಿಜ್ಞಾನಿ ಸರ್ ನೈಜೆಲ್ ಶ್ಯಾಡ್‌ಬೋಲ್ಟ್ ಅವರು 2016ರಲ್ಲಿ ಬ್ರಿಟನ್ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದು ಒತ್ತಿ ಹೇಳಿದ ಸಂಗತಿಗಳಲ್ಲಿ ಒಂದು, ಓದುವಾಗಲೇ ಕೆಲಸದ ಅನುಭವ ಪಡೆಯುವುದರ ಮಹತ್ವ. ಕಂಪ್ಯೂಟರ್ ಸೈನ್ಸನ್ನೇ ಮೂರು ವರ್ಷ ಓದಿದವರ ಕಥೆ ಹೀಗಿರುವಾಗ, ಆನ್‌ಲೈನ್ ಪದವಿಯೊಂದನ್ನೇ ಕೈಯಲ್ಲಿ ಹಿಡಿದು ಹೋದವರಿಗೆ ಬಾಗಿಲು ತಾನಾಗಿ ತೆರೆಯುತ್ತದೆಂದು ನಂಬುವುದು ಕಷ್ಟ. ಆದರೆ ನಿಮ್ಮ ಬಳಿ ಅನುಭವವಿದೆ. ಒಬ್ಬ ರೋಗಿಗೆ ಒಂದೇ ದಿನ ಎರಡು ವಿಭಾಗಗಳಲ್ಲಿ ಸಮಯ ಬಿದ್ದಾಗ ಏನಾಗುತ್ತದೆ, ಬಾರದೆ ಉಳಿದವರ ಜಾಗ ಏಕೆ ಖಾಲಿಯೇ ಹೋಗುತ್ತದೆ, ಹೆಸರಿನ ಕಾಗುಣಿತ ಬದಲಾದರೆ ಒಂದೇ ವ್ಯಕ್ತಿಗೆ ಎರಡು ದಾಖಲೆ ಹೇಗೆ ಹುಟ್ಟುತ್ತದೆ ಎಂಬುದೆಲ್ಲ ನಿಮಗೆ ಬೆರಳ ತುದಿಯಲ್ಲಿದೆ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಸಂಸ್ಥೆಗೆ ಇದನ್ನೆಲ್ಲ ಬಲ್ಲ, ಜೊತೆಗೆ ಕೋಡ್ ಓದಬಲ್ಲ ವ್ಯಕ್ತಿ ಸುಲಭವಾಗಿ ಸಿಗುವುದಿಲ್ಲ. ಸಾಮಾನ್ಯವಾಗಿ 60 ಕ್ರೆಡಿಟ್ಟಿನದಾಗಿರುವ ಕೊನೆಯ ಪ್ರಾಜೆಕ್ಟಿಗೆ ಈ ಸಮಸ್ಯೆಗಳಲ್ಲಿ ಒಂದನ್ನು ತೆಗೆದುಕೊಳ್ಳಿ, ನಿಜವಾದ ರೋಗಿಗಳ ಮಾಹಿತಿಯನ್ನು ಮುಟ್ಟದೆ ಕಲ್ಪಿತ ದಾಖಲೆಗಳ ಮೇಲೆ ಮಾಡಿ. ಅದಕ್ಕೂ ಮೊದಲೇ ನಿಮ್ಮ ಆಸ್ಪತ್ರೆಯ ಡೇಟಾ ಅಥವಾ ಐಟಿ ವಿಭಾಗದಲ್ಲಿ ಹುದ್ದೆ ತೆರವಾದರೆ ಅರ್ಜಿ ಹಾಕಿ, ಪದವಿ ಮುಗಿಯಲೆಂದು ಕಾಯಬೇಡಿ.

ಶುಲ್ಕ ಕಟ್ಟುವ ಮೊದಲು ಮೂರು ತಿಂಗಳು ಒಂದು ಪರೀಕ್ಷೆ ಮಾಡಿಕೊಳ್ಳಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಎಂಬ ಪರಿಚಯ ಕೋರ್ಸು ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಸಿ ಭಾಷೆಯ ಆರಂಭದಲ್ಲೇ, ಹ್ಯಾಶ್ ಚಿಹ್ನೆಗಳನ್ನು ಜೋಡಿಸಿ ಮಾರಿಯೊ ಆಟದಲ್ಲಿರುವಂಥ ಪಿರಮಿಡ್ಡನ್ನು ಪರದೆಯ ಮೇಲೆ ಮೂಡಿಸುವ ಲೆಕ್ಕವೊಂದಿದೆ. ಎಡಕ್ಕೆ ಎಷ್ಟು ಖಾಲಿ ಜಾಗ, ಬಲಕ್ಕೆ ಎಷ್ಟು ಹ್ಯಾಶ್ ಎಂದು ಕಾಗದದ ಮೇಲೆ ಗೀಚಿಕೊಂಡು, ಮೂರನೆಯ ಸಂಜೆಗೆ ಅದು ನೆಟ್ಟಗೆ ನಿಂತಾಗ ನಿಮಗೆ ಖುಷಿಯಾದರೆ ಶುಭಸೂಚನೆ. ಆಮೇಲೆ ಮೆಮೊರಿ ಮತ್ತು ಅದರೊಳಗಿನ ವಿಳಾಸಗಳನ್ನು ಹಿಡಿದಿಡುವ ಪಾಯಿಂಟರುಗಳ ವಾರ ಬರುತ್ತದೆ, ಅನೇಕರು ಕೈಚೆಲ್ಲುವುದು ಅಲ್ಲಿ. ಅಲ್ಲಿಯೂ ಬೇಸರಕ್ಕಿಂತ ಹಟವೇ ಹೆಚ್ಚಾಗಿದ್ದರೆ ಅರ್ಜಿ ಹಾಕಿ. ಸರದಿ ಮತ್ತು ಟಿಪ್ಪಣಿಯ ಪ್ರಶ್ನೆಗಳಿಗೆ ತೃಪ್ತಿಕರ ಉತ್ತರ ಬಂದರೆ ಬ್ರಿಟಿಷ್ ಎಂಎಸ್‌ಸಿಗೇ ನನ್ನ ಮತ. ಬಾರದಿದ್ದರೆ ಅದೇ ಶುಲ್ಕದ ಮತ್ತೊಂದನ್ನು ಹುಡುಕಿ, ಎಂಸಿಐಟಿಗೆಂದು ಸಾಲ ಮಾಡಬೇಡಿ.

ಪ್ರಶ್ನೆ: ಒಂದು ಕೋರ್ಸಿನ ವಿವರ ಪುಸ್ತಿಕೆಗಾಗಿ ಫೋನ್ ನಂಬರ್ ಕೊಟ್ಟೆ. ಅಂದಿನಿಂದ ‘ಪ್ರವೇಶ ಸಲಹೆಗಾರರು’ ವಾರಕ್ಕೆ ಮೂರು ಬಾರಿ ಕರೆ ಮಾಡಿ, ಸೀಟು ತುಂಬುತ್ತಿದೆ ಎನ್ನುತ್ತಾರೆ. ವಿಶ್ವವಿದ್ಯಾಲಯವೇ ಹೀಗೆ ಮಾಡುತ್ತದೆಯೇ?

ಉತ್ತರ: ಕರೆ ಮಾಡುವವರು ವಿಶ್ವವಿದ್ಯಾಲಯದ ನೌಕರರಲ್ಲದೆ ಇರಬಹುದು. ಹಲವು ವಿಶ್ವವಿದ್ಯಾಲಯಗಳು ಆನ್‌ಲೈನ್ ಪದವಿಗಳ ಪ್ರಚಾರ, ಪ್ರವೇಶ, ತಾಂತ್ರಿಕ ವ್ಯವಸ್ಥೆಗಳನ್ನು ಖಾಸಗಿ ಕಂಪನಿಗಳಿಗೆ ವಹಿಸಿ, ಶುಲ್ಕದಲ್ಲಿ ಪಾಲು ಕೊಡುತ್ತವೆ. ಈ ವ್ಯವಹಾರದ ದೊಡ್ಡ ಕಂಪನಿಗಳಲ್ಲಿ ಒಂದಾದ 2ಯು, 2021ರಲ್ಲಿ 80 ಕೋಟಿ ಡಾಲರಿಗೆ ಆನ್‌ಲೈನ್ ಕೋರ್ಸುಗಳ ತಾಣವಾದ ಎಡ್‌ಎಕ್ಸ್ ಅನ್ನು ಕೊಂಡು, 2024ರಲ್ಲಿ ಅಮೆರಿಕದ ದಿವಾಳಿ ಕಾನೂನಿನ ರಕ್ಷಣೆ ಕೋರಬೇಕಾಯಿತು. ಇಂಥ ಏರ್ಪಾಡು ಇದ್ದ ಮಾತ್ರಕ್ಕೆ ಕೋರ್ಸು ಕೆಟ್ಟದೆಂದಲ್ಲ. ಆದರೆ ಎರಡು ತಿಂಗಳಿಗೊಮ್ಮೆ ಪ್ರವೇಶವಿರುವ ಕೋರ್ಸಿನಲ್ಲಿ ಸೀಟು ತುಂಬುತ್ತಿದೆ ಎಂಬ ಅವಸರಕ್ಕೆ ಅರ್ಥವಿಲ್ಲ. ಪಾಠ ಮಾಡುವವರು ವಿಶ್ವವಿದ್ಯಾಲಯದ ಕಾಯಂ ಅಧ್ಯಾಪಕರೇ, ನಡುವೆ ಬಿಟ್ಟರೆ ಯಾವ ಮಾಡ್ಯೂಲಿನವರೆಗಿನ ಶುಲ್ಕ ಮರಳಿ ಬರುತ್ತದೆ ಎಂಬ ಪ್ರಶ್ನೆಗಳನ್ನು ಮಿಂಚಂಚೆಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಫೋನಿನಲ್ಲಿ ಕೇಳಿದ ಬೆಣ್ಣೆಯಂಥ ಮಾತು ಆಮೇಲೆ ಯಾರ ಕೈಗೂ ಸಿಗುವುದಿಲ್ಲ.

ಪ್ರಶ್ನೆ: ನಾನು ಬ್ರಿಟನ್ನಿನ ಹೊರಗಿದ್ದೇನೆ. ಆನ್‌ಲೈನ್ ಎಂಎಸ್‌ಸಿ ಮುಗಿಸಿದ ಮೇಲೆ ಅಲ್ಲಿಗೆ ಹೋಗಿ ಕೆಲಸ ಹುಡುಕಲು ವೀಸಾ ಸಿಗುತ್ತದೆಯೇ? ಬಿಸಿಎಸ್ ಮಾನ್ಯತೆ ಇದ್ದರೆ ಅನುಕೂಲವೇ?

ಉತ್ತರ: ಸಿಗುವುದಿಲ್ಲ. ಪದವಿಯ ನಂತರ ಕೆಲಸ ಹುಡುಕಲು ಕೊಡುವ ಗ್ರಾಜುಯೇಟ್ ವೀಸಾ, ವಿದ್ಯಾರ್ಥಿ ವೀಸಾದ ಮೇಲೆ ಅಲ್ಲಿಗೇ ಹೋಗಿ ಓದಿದವರಿಗೆ ಮಾತ್ರ. ಮನೆಯಲ್ಲಿ ಕೂತು ಓದುವ ಕೋರ್ಸಿಗೆ ವಿದ್ಯಾರ್ಥಿ ವೀಸಾವೇ ಇಲ್ಲ. ಅಮೆರಿಕದಲ್ಲೂ ಓದಿನ ನಂತರದ ಕೆಲಸದ ಅನುಮತಿ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಅಲ್ಲಿದ್ದು ಓದಿದವರಿಗೇ. ಬಿಸಿಎಸ್ ಎಂಬುದು 1957ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಕಂಪ್ಯೂಟರ್ ವೃತ್ತಿಪರರ ಸಂಸ್ಥೆ. ಅದರ ಮಾನ್ಯತೆ ಮುಂದೆ ‘ಚಾರ್ಟರ್ಡ್’ ಎಂಬ ವೃತ್ತಿಪರ ಸ್ಥಾನಮಾನ ಬೇಕೆನ್ನುವವರಿಗೆ ಪ್ರಯೋಜನಕಾರಿ, ಉದ್ಯೋಗ ಜಾಹೀರಾತುಗಳಲ್ಲಿ ಅದನ್ನು ಶರತ್ತಾಗಿ ನಾನು ಕಂಡದ್ದು ಅಪರೂಪ. ಇದ್ದರೆ ಒಳ್ಳೆಯದು, ಅದೊಂದಕ್ಕಾಗಿ ಕೋರ್ಸು ಬದಲಿಸುವುದು ಬೇಡ.

ಪ್ರಶ್ನೆ: ಕೃತಕ ಬುದ್ಧಿಮತ್ತೆಯೇ ಕೋಡ್ ಬರೆಯುತ್ತಿರುವಾಗ, ದೊಡ್ಡ ಕಂಪನಿಗಳೇ ಸಾವಿರಾರು ಜನರನ್ನು ತೆಗೆಯುತ್ತಿರುವಾಗ, ಎರಡು ವರ್ಷ ಖರ್ಚು ಮಾಡಿ ಇದನ್ನು ಕಲಿಯುವುದರಲ್ಲಿ ಅರ್ಥವಿದೆಯೇ?

ಉತ್ತರ: ನಿಮ್ಮ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಮೆಟಾ 2022ರ ನವೆಂಬರಿನಲ್ಲಿ 11,000 ಮಂದಿಯನ್ನೂ ಗೂಗಲ್‌ನ ಮಾತೃಸಂಸ್ಥೆ 2023ರ ಜನವರಿಯಲ್ಲಿ 12,000 ಮಂದಿಯನ್ನೂ ಕೈಬಿಡುವುದಾಗಿ ಪ್ರಕಟಿಸಿದವು. ಚಾಟ್‌ಜಿಪಿಟಿ ಬಂದದ್ದೂ ಆ ನವೆಂಬರಿನಲ್ಲೇ. ಹೊಸಬರಿಗೆ ಕೊಡುತ್ತಿದ್ದ ಬಿಡಿ ಬಿಡಿ ಕೋಡಿಂಗ್ ಕೆಲಸವನ್ನು ಈಗ ಇಂಥ ಸಾಧನಗಳು ಕ್ಷಣದಲ್ಲಿ ಮಾಡಿಕೊಡುತ್ತವೆ. ಮೊದಲ ಮೆಟ್ಟಿಲು ಎತ್ತರವಾಗಿದೆ ಎಂಬುದು ನಿಜ. ಸಂಬಳದ ಆಸೆಯೊಂದೇ ಕಾರಣವಾಗಿದ್ದರೆ, ಮತ್ತು ಈಗಿನ ವೃತ್ತಿಯನ್ನು ಪೂರ್ತಿ ಕಳಚಿಹಾಕಿ ಸಾವಿರ ಹೊಸಬರಲ್ಲಿ ಒಬ್ಬರಾಗಿ ಸಾಲಿನಲ್ಲಿ ನಿಲ್ಲುವ ಯೋಚನೆಯಿದ್ದರೆ, ಬೇಡ ಎಂದೇ ಹೇಳುತ್ತೇನೆ.

ಆದರೆ ಬರೆಯುವ ಕೆಲಸ ಕಡಿಮೆಯಾದಷ್ಟೂ ಓದಿ ಪರಿಶೀಲಿಸುವ ಕೆಲಸ ಹೆಚ್ಚುತ್ತದೆ. ಮೊದಲ ಪತ್ರದವರ ಅಪಾಯಿಂಟ್‌ಮೆಂಟ್ ಪಟ್ಟಿಯನ್ನೇ ತೆಗೆದುಕೊಳ್ಳಿ. ಎಕ್ಸೆಲ್ ಹಾಳೆಯೊಂದನ್ನು ಓದಿ ದಿನವಾರು ರೋಗಿಗಳ ಸಂಖ್ಯೆ ತೆಗೆಯುವ ಪೈಥಾನ್ ಕೋಡನ್ನು ಯಂತ್ರ ಅರೆ ನಿಮಿಷದಲ್ಲಿ ಬರೆದುಕೊಡುತ್ತದೆ ಎನ್ನೋಣ. ಹಾಳೆಯಲ್ಲಿ ದಿನಾಂಕ 03/04/2025 ಎಂದು ಪಠ್ಯರೂಪದಲ್ಲಿದೆ, ಬ್ರಿಟನ್ನಿನಲ್ಲಿ ಅದು ಏಪ್ರಿಲ್ 3. ಆ ಕೋಡ್ ಬಳಸುವ ಪಾಂಡಾಸ್ ಲೈಬ್ರರಿ (ಕೋಷ್ಟಕದ ಮಾಹಿತಿಯನ್ನು ನಿಭಾಯಿಸುವ ಸಿದ್ಧ ಕೋಡಿನ ಕಟ್ಟು), ಬೇರೆ ಸೂಚನೆ ಕೊಡದಿದ್ದರೆ, ತಿಂಗಳನ್ನು ಮೊದಲು ಓದುತ್ತದೆ: ಮಾರ್ಚ್ 4. ಹಾಳೆಯಲ್ಲಿ ತಿಂಗಳ ಮೊದಲ ಹನ್ನೆರಡು ದಿನಗಳಷ್ಟೇ ಇದ್ದರೆ ಎಲ್ಲಿಯೂ ಕೆಂಪು ಅಕ್ಷರದ ದೂರು ಕಾಣಿಸುವುದಿಲ್ಲ, ಸುಂದರವಾದ ಗ್ರಾಫ್ ಬರುತ್ತದೆ, ಅದರಲ್ಲಿ ಪ್ರತಿ ತಿಂಗಳೂ ಒಂದಿಷ್ಟು ರೋಗಿಗಳು ಇರುತ್ತಾರೆ. ಹೊರರೋಗಿ ವಿಭಾಗದಲ್ಲಿ ಕೆಲಸ ಮಾಡಿದವರು ಅದನ್ನು ನೋಡಿದ ಕೂಡಲೇ, ಏಪ್ರಿಲಿನ ಹಾಳೆಯಲ್ಲಿ ಡಿಸೆಂಬರಿನ ರೋಗಿಗಳು ಎಲ್ಲಿಂದ ಬಂದರು ಎಂದು ಕೇಳುತ್ತಾರೆ. ಕೋಡ್ ಕಲಿತವರಾದರೆ ಯಾವ ಸಾಲಿನಲ್ಲಿ ‘ದಿನ ಮೊದಲು’ ಎಂಬ ಸೂಚನೆ ಸೇರಿಸಬೇಕೆಂದೂ ಅವರಿಗೆ ಗೊತ್ತಿರುತ್ತದೆ.